ಇಪ್ಪತ್ತನೆಯ ಗೇಣು

ಆ ಸೋಮವಾರ ಬೆಳಿಗ್ಗೆ ಹಾಜರಿ ಕೂಗಿ ಮುಗಿಸಿದಾಗ ಉತ್ತರದ ಗೋಡೆ ಐದನೆಯ ಗೇಣಿಗೆ ಹೋಗಲಿಲ್ಲ. ನಾಲ್ಕಕ್ಕೇ ನಿಂತಿತು. ಐದನೆಯ ಹೆಸರನ್ನು ನಾನು ಮೂರು ಸಲ ಕೂಗಿದೆ. ಇಟ್ಟಿಗೆ ಗೂಡಿನ ಒಂದು ಮನೆಯವರು ಬೆಳಕು ಹರಿಯುವ ಮುಂಚೆಯೇ ಮಗನನ್ನೂ ಪಾತ್ರೆಗಳನ್ನೂ ಹೊತ್ತುಕೊಂಡು ಬೇರೆ ಗೂಡಿಗೆ ಹೋಗಿದ್ದಾರೆಂದು ಆಮೇಲೆ ಗೊತ್ತಾಯಿತು. ಹೊರಗೆ ಹಂಚಿನ ಕದರಪ್ಪ ಏಣಿ ಹಿಡಿದುಕೊಂಡು ನಿಂತಿದ್ದ.

"ಒಂದು ಸಾಲು ಹಂಚು ಇಳಿಸ್ಲೇನು ಮಿಸ್ಸಮ್ಮಾ?"

"ಇಳಿಸಣ್ಣ."

"ಹಿಂಗೇ ಇಳಿಸ್ತಾ ಹೋದ್ರೆ ಕೊನೆಗೆ ನಿಮ್ಮ ತಲೆ ಮೇಲಿಂದೂ ಇಳಿಸ್ಬೇಕಾಯ್ತದೆ," ಎಂದು ಗೊಣಗಿ ಏಣಿ ಹತ್ತಿದ.

ನಮ್ಮೂರಿನದು ಒಂದೇ ಕೋಣೆಯ ಶಾಲೆ. ಮೂರು ಗೋಡೆ ಅಲ್ಲಾಡುವುದಿಲ್ಲ. ಕ್ಯಾಲೆಂಡರು, ಭೂಪಟ, ಕಪ್ಪುಹಲಗೆ ಎಲ್ಲವೂ ಅವುಗಳ ಮೇಲೇ. ಉತ್ತರದ ಗೋಡೆಗೆ ಯಾರೂ ಮೊಳೆ ಹೊಡೆಯುವುದಿಲ್ಲ, ಅದರಾಚೆ ಎಮ್ಮೆ ಕಟ್ಟುವುದಿಲ್ಲ, ಕುಂಬಳದ ಬಳ್ಳಿ ಹಬ್ಬಿಸುವುದಿಲ್ಲ. ಬೆಳಿಗ್ಗೆ ಮೊದಲ ಹೆಸರು ಕೂಗುತ್ತಲೇ ಆ ಗೋಡೆ ಬುಡಕ್ಕೆ, ಅಂದರೆ ಕಪ್ಪುಹಲಗೆಯಿಂದ ಹತ್ತು ಅಡಿಗೆ ಬಂದು ನಿಲ್ಲುತ್ತದೆ. ಅಷ್ಟರಲ್ಲಿ ಮಕ್ಕಳು ಹಲಗೆಯ ಬಳಿ ಒತ್ತಿಕೊಂಡು ಕೂತಿರುತ್ತವೆ. ಆಮೇಲೆ ಹಾಜರ್ ಎಂದ ಒಂದೊಂದು ಗಂಟಲಿಗೆ ಒಂದೊಂದು ಗೇಣು ಹೊರಗೆ ಹೋಗುತ್ತದೆ. ಒಬ್ಬನೇ ಎಂಟು ದನಿಯಲ್ಲಿ ಹಾಜರ್ ಎಂದರೂ ಒಂದೇ ಗೇಣು. ನಡುವೆ ಯಾವನಾದರೂ ಚಕ್ಕರ್ ಹೊಡೆದರೆ ಅವನ ಗೇಣು ಒಳಗೆ ಬರುತ್ತದೆ, ಹಾಗಾಗಿ ಇಲ್ಲಿ ಪಾಠ ಮಾಡಿದ ಮಾಸ್ತರರು ಯಾರೂ ತಲೆ ಎಣಿಸಿದವರಲ್ಲ. ಸಂಜೆ ಗಂಟೆ ಹೊಡೆದಾಗ ಗೋಡೆ ಎಲ್ಲಿದೆಯೋ ಅಲ್ಲೇ ಉಳಿಯುತ್ತದೆ, ಮರುದಿನ ಹಾಜರಿ ಕೂಗುವವರೆಗೆ. ರಜೆಯಾದರೆ ಎರಡು ತಿಂಗಳಾದರೂ ಅಲ್ಲೇ.

ನಾನು ಓದುವಾಗ ಅದು ಅರವತ್ತರ ತನಕ ಹೋಗುತ್ತಿತ್ತು. ಈಗ ಗೋಡೆಯಾಚೆ ಹಳೆಯ ಕೋಣೆಯ ನೆಲ ಬಿಸಿಲಿಗೆ ಬಿದ್ದಿದೆ. ನಾನು ಕೂತು ಮಗ್ಗಿ ಹೇಳಿದ ಜಾಗದಲ್ಲಿ ಕೋಳಿಗಳು ಕೆದಕುತ್ತವೆ. ಹತ್ತು ಮಕ್ಕಳಿಗಿಂತ ಕಡಿಮೆಯಿರುವ ಶಾಲೆಯನ್ನು ಕಲ್ಲುಕ್ವಾರಿಯಾಚೆಯ ದೊಡ್ಡ ಶಾಲೆಗೆ ಸೇರಿಸಬೇಕೆಂದು ಇಲಾಖೆಯ ಪತ್ರ ಬಂದು ಎರಡು ತಿಂಗಳಾಗಿತ್ತು. ಶಾಲೆ ಮುಚ್ಚುವುದೆಂದರೆ ಹಾಜರಿ ಪುಸ್ತಕವನ್ನು ಸಹಿ ಮಾಡಿ ಒಪ್ಪಿಸುವುದು. ಒಪ್ಪಿಸುವ ತನಕ ಶಾಲೆ ಶಾಲೆಯೇ. ನಾನು ಒಪ್ಪಿಸಿರಲಿಲ್ಲ. ಮೂರನೇ ಕ್ಲಾಸಿನ ದುರುಗಮ್ಮನ ಅಪ್ಪ ಮಾರಣ್ಣ ನನಗೆ ನೇರವಾಗಿಯೇ ಹೇಳಿದ್ದ: "ಇಲ್ಲಿಗಾದ್ರೆ ಕಳಿಸ್ತೀನಿ ಮೇಡಮ್ಮಾ. ಕಲ್ಲಿನ ಲಾರಿ ಓಡಾಡೋ ದಾರೀಲಿ ನಾಲ್ಕು ಮೈಲಿ ಹೆಣ್ಣುಮಗೀನ ಯಾರು ನಡೆಸ್ತಾರೆ? ಮನೇಲಿ ಕೂಸು ನೋಡ್ಕಂಡಿರ್ತಾಳೆ ಬಿಡಿ." ದುರುಗಮ್ಮ ಆಗಷ್ಟೇ ಭಾಗಾಕಾರಕ್ಕೆ ಕೈ ಹಾಕಿದ್ದಳು. ಶೇಷ ಉಳಿದರೆ ಸಿಟ್ಟಾಗುತ್ತಿದ್ದಳು, ಯಾರೋ ತನಗೆ ಮೋಸ ಮಾಡಿದ ಹಾಗೆ.

ಹಂಚು ಇಳಿಸಿದ ಆ ಮಧ್ಯಾಹ್ನವೇ ವಿಶ್ವಣ್ಣನವರು ಬಂದರು. ಶಾಲೆಗೆ ಜಾಗ ಕೊಟ್ಟ ಪಟೇಲರ ಮೊಮ್ಮಗ. ಒಳ್ಳೆಯ ಮನುಷ್ಯ. ನಗುನಗುತ್ತಲೇ ಮಾತಾಡುತ್ತಾರೆ, ಅದಕ್ಕೇ ಅವರಿಗೆ ಇಲ್ಲ ಎನ್ನುವುದು ಕಷ್ಟ. ಜೊತೆಗೆ ದಿವಾಕರ ಎಂಬ ಎಂಜಿನಿಯರು, ಕೈಯಲ್ಲಿ ಸುತ್ತಿದ ನಕ್ಷೆ.

"ಮೇಡಂ, ಸಿಹಿಸುದ್ದಿ. ಶಾಲೆ ಬೀಳೋದಿಲ್ಲ. ಪರಂಪರೆ ಸಮಿತಿ ಮಾಡಿದ್ದೀವಿ. ಪಾಠ ನಿಂತ್ರೂ ಕಟ್ಟಡಾನ ಮೂಲ ಸ್ವರೂಪದಲ್ಲೇ ಉಳಿಸ್ತೀವಿ, ನೋಡೋಕೆ ಬರೋರಿಗೆ. ಗೋಡೆಗೆ ಕಬ್ಬಿಣದ ಆಸರೆ ಕೊಟ್ಟು ಬಿಗಿದುಬಿಡ್ತಾರೆ ಇವರು. ಆಮೇಲೆ ಸಾವಿರ ವರ್ಷ ಆ ಕಡೆ ಈ ಕಡೆ ಆಗೋದಿಲ್ಲ."

ದಿವಾಕರ ನಕ್ಷೆ ಬಿಚ್ಚಿದ. ಚೆಂದವಾದ ನಕ್ಷೆ. ಕಿಟಕಿ, ಬಾಗಿಲು, ಗಂಟೆ ತೂಗುವ ಕೊಕ್ಕೆ ಸಹ ಬರೆದಿತ್ತು. ಉತ್ತರದ ಗೋಡೆ ಹತ್ತೊಂಬತ್ತನೆಯ ಗೇಣಿಗೆ ನಿಂತಿತ್ತು. ಅದರಾಚೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಹೊರ ಜಗಲಿ.

"ಹತ್ತೊಂಬತ್ತು ಯಾಕೆ?" ಎಂದೆ.

"ಸ್ಥಾಪನೆ ಆದಾಗ ಹತ್ತೊಂಬತ್ತು ಹುಡುಗರು. ತಾತನ ಡೈರೀಲಿದೆ. ಗುರುವಾರ ಹತ್ತೊಂಬತ್ತು ಜನಾನ ನಾನೇ ಕರಕೊಂಡು ಬರ್ತೀನಿ, ಬಿಳೀ ಬಟ್ಟೇಲಿ. ನೀವು ಹಾಜರಿ ಕೂಗಿ, ಗಂಟೆ ಹೊಡೀರಿ. ಶುಕ್ರವಾರ ಹತ್ತು ಗಂಟೆಗೆ ಕಬ್ಬಿಣ ಬರುತ್ತೆ. ಅಷ್ಟೇ ಕೆಲಸ."

ಅವರು ಹೋದ ಮೇಲೆ ನಾನು ನಕ್ಷೆಯ ಆ ಎರಡು ಪದಗಳನ್ನೇ ನೋಡುತ್ತ ಕೂತೆ. ಈ ಶಾಲೆಗೆ ಎಪ್ಪತ್ತೆರಡು ವರ್ಷ. ಅದರಲ್ಲಿ ಹತ್ತೊಂಬತ್ತು ಗೇಣಾಗಿದ್ದದ್ದು ಆರೇ ತಿಂಗಳು. ಆ ಆರು ತಿಂಗಳು ನಮ್ಮ ಕೆಳಗಿನ ಕೇರಿಯ ಮಕ್ಕಳು ಉತ್ತರದ ಕಿಟಕಿಯ ಕೆಳಗೆ ಜಗಲಿಯ ಮೇಲೆ ಕೂತು ಒಳಗಿನ ಮಗ್ಗಿಯನ್ನು ಕದ್ದು ಕೇಳುತ್ತಿದ್ದರು. ಏಳನೆಯ ತಿಂಗಳಲ್ಲಿ ಒಂದು ದಿನ ಮಾಸ್ತರರು ಹತ್ತೊಂಬತ್ತು ಹೆಸರು ಕೂಗಿ ಪುಸ್ತಕ ಮುಚ್ಚುವುದರೊಳಗೆ ಕಿಟಕಿಯ ಕೆಳಗಿಂದ ಎಂಟು ವರ್ಷದ ಹುಡುಗಿಯೊಂದು ತನ್ನ ಹೆಸರನ್ನು ತಾನೇ ಕೂಗಿಕೊಂಡಿತು: "ಓಬಕ್ಕ." ಆಮೇಲೆ ತಾನೇ ಅಂದಿತು: "ಹಾಜರ್." ಗೋಡೆ ಒಂದು ಗೇಣು ಹೋಯಿತು. ಅವಳ ಆಚೆಗೆ ಹೋಯಿತು. ಅವಳು ಕೂತಲ್ಲೇ ಕೂತಿದ್ದಳು, ಕೋಣೆಯೊಳಗಿದ್ದಳು.

ಹೊರಗೆ ಹೋಗು ಎಂದರು. ಹೋದರೆ ಗೋಡೆ ಮತ್ತೆ ಹತ್ತೊಂಬತ್ತಕ್ಕೆ ಬರುತ್ತದೆಂದು ಅವಳಿಗೂ ಗೊತ್ತಿತ್ತು. ಪಟೇಲರು ಬಂದು ಬಾಗಿಲಲ್ಲಿ ನಿಂತು ಗದರಿದರು, ಒಳಗೆ ಬಂದು ಎಳೆದು ಹಾಕಲು ಮೈಲಿಗೆಯ ಭಯ. ಬೆತ್ತ ಉದ್ದವಿತ್ತು, ಅದಕ್ಕೆ ಮೈಲಿಗೆ ಇರಲಿಲ್ಲ. ಅವಳು ಮಾಸ್ತರರ ಮೇಜಿನ ಕಾಲು ಹಿಡಿದುಕೊಂಡು ಸಂಜೆ ಗಂಟೆಯ ತನಕ ಕೂತಿದ್ದಳು. ಕೂತಲ್ಲೇ ಉಚ್ಚೆ ಹೊಯ್ದುಕೊಂಡಳು, ಏಳಲಿಲ್ಲ. ಮರುದಿನ ಇನ್ಸ್‌ಪೆಕ್ಟರರು ಬರುವವರಿದ್ದರು. ಅವರು ಬಂದವರೇ, ಹಾಜರಿ ಕೂಗುವ ಮುಂಚೆಯೇ, ಗೋಡೆಯ ಗೇಣು ಅಳೆದು ಪುಸ್ತಕದ ಹೆಸರಿನ ಜೊತೆ ತಾಳೆ ನೋಡುತ್ತಿದ್ದರು. ಇಪ್ಪತ್ತು ಗೇಣಿಗೆ ಇಪ್ಪತ್ತು ಹೆಸರು ಬೇಕು. ಮಾಸ್ತರರು ಕೆಲಸ ಉಳಿಸಿಕೊಳ್ಳಲು ಅವಳ ಹೆಸರು ಬರೆದರು. ನಮ್ಮ ಕೇರಿ ಅಕ್ಷರ ಕಂಡದ್ದು ಹೀಗೆ. ಯಾರ ದಾನವೂ ಅಲ್ಲ, ಬಾಗಿಲ ಮೇಲಿನ ಕಲ್ಲಿನಲ್ಲಿ ಪಟೇಲರ ಹೆಸರಿದ್ದರೂ.

ಈಗ ಆ ಗೋಡೆಯನ್ನು ಮೊದಲ ಆರು ತಿಂಗಳಿನ ಗೆರೆಗೆ ಎಳೆದು ತಂದು, ನಮ್ಮನ್ನು ಮತ್ತೆ ಜಗಲಿಯಲ್ಲಿ ಬಿಟ್ಟು, ಕಬ್ಬಿಣ ಬಿಗಿಯುತ್ತಾರೆ. ಅದಕ್ಕೆ ಪರಂಪರೆ ಅಂತ ಹೆಸರು.

ಸಂಜೆ ಓಬಕ್ಕನ ಮನೆಗೆ ಹೋದೆ. ಅವಳು ನನ್ನ ಅಪ್ಪನ ದೊಡ್ಡಕ್ಕ. ಎಂಬತ್ತಾದರೂ ಕೂಲಿ ಬಿಟ್ಟಿಲ್ಲ. ಬಾಗಿಲ ಮುಂದೆ ಕಾಲು ಚಾಚಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದಳು. ನಾನು ಎಲ್ಲ ಹೇಳಿದೆ. ಗುರುವಾರ ನೀನು ಬಂದು ಇಪ್ಪತ್ತನೆಯವಳಾಗಿ ಹಾಜರ್ ಅನ್ನಬೇಕು ಅತ್ತೆ, ಎಂದೆ. ಅವಳು ಬೀಜ ತೆಗೆಯುವುದನ್ನು ನಿಲ್ಲಿಸಲಿಲ್ಲ.

"ನಾ ಬರಕಿಲ್ಲ ಕಣೆ."

"ಅತ್ತೆ, ನಿನ್ನ ಜಾಗ ಅದು."

"ಅವತ್ತು ಕುಂತಿದ್ದೆ. ಬೆನ್ನು ಬಾಸುಂಡೆ ಎದ್ದಿತ್ತು, ನಮ್ಮವ್ವ ಮೂರು ದಿನ ಬೇವಿನೆಣ್ಣೆ ತಿಕ್ಕಿದ್ಲು. ಗೋಡೆ ನೂಕೋದು ಯಾವಾಗ್ಲೂ ನಮ್ದೇ ಕೆಲ್ಸನಾ? ಎಪ್ಪತ್ತು ವರ್ಸ ಆದ್ಮೇಲೂ ಅವ್ರು ಎಳೀತಾರೆ, ನಾವು ನೂಕ್ತೀವಿ. ಅವ್ರಿಗೆ ಬ್ಯಾಸ್ರ ಆಗಾಕಿಲ್ವಾ? ನಂಗಾಯ್ತು."

ಮುಷ್ಟಿ ಹುಣಸೆಬೀಜವನ್ನು ನನ್ನ ಕೈಗೆ ಸುರಿದು, "ಹೋಗು, ಇದ್ನ ಹುಡುಗ್ರಿಗೆ ಕೊಡು, ಲೆಕ್ಕ ಮಾಡ್ಲಿ," ಎಂದಳು. ಮುಗಿಯಿತು ಎಂಬಂತೆ.

ಮಂಗಳವಾರ, ಬುಧವಾರ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಶಾಲೆ ಬಿಟ್ಟ ಮೇಲೆ ಹಳೆಯ ಹಾಜರಿ ಪುಸ್ತಕಗಳನ್ನು ಮಡಿಲಲ್ಲಿಟ್ಟುಕೊಂಡು ಕೇರಿಯ ಮನೆಮನೆ ಹತ್ತಿ ಇಳಿದೆ. ಇದರಲ್ಲಿ ನಿನ್ನ ಹೆಸರಿದೆ, ನಿಮ್ಮಪ್ಪನ ಹೆಸರಿದೆ. ಕೆಲವರು ಬರುತ್ತೇನೆಂದರು. ಕೆಲವರು ವಿಶ್ವಣ್ಣನ ತೋಟದಲ್ಲಿ ಕೂಲಿ, ತಲೆ ಕೆರೆದುಕೊಂಡರು. ಒಬ್ಬ ಕೇಳಿದ, "ಗೋಡೆ ಎಲ್ಲಿದ್ರೇನು ಮಿಸ್ಸೇ, ಒಳಗೆ ಕುಂತ್ಕೊಳ್ಳಾಕೆ ಯಾರವ್ರೆ?" ಆ ಪ್ರಶ್ನೆಗೆ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮುಂದಿನ ಮನೆಯ ಬಾಗಿಲು ತಟ್ಟಿದೆ. ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು: ಹತ್ತೊಂಬತ್ತಾದ ಮೇಲೆ ಒಂದು. ಒಂದೇ ಒಂದು ಗಂಟಲು ಸಾಕು.

ಗುರುವಾರ ಶಾಲೆಯ ಮುಂದೆ ಎರಡು ಜೀಪು ನಿಂತವು. ಹತ್ತೊಂಬತ್ತು ಜನ ಬಿಳಿ ಬಟ್ಟೆಯಲ್ಲಿ ಇಳಿದರು, ಎಲ್ಲ ನಡುವಯಸ್ಸಿನ ಗಂಡಸರು, ಚಡ್ಡಿಯ ವಯಸ್ಸು ನೆನೆದು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು. ಫೋಟೋದವನು ಕಪ್ಪುಹಲಗೆಯ ಬಳಿ ಕ್ಯಾಮೆರಾದ ಮೂರು ಕಾಲು ನೆಟ್ಟ. ಜಾಗ ಸಾಲದೆ ಗದ್ದಲವಾಯಿತು. ನನ್ನ ನಾಲ್ಕು ಮಕ್ಕಳು ಮೂಲೆಯಲ್ಲಿ ಮುದುರಿಕೊಂಡಿದ್ದವು. "ಸ್ವಲ್ಪ ಹೊರಗೆ ಇರ್ರೋ, ದೊಡ್ಡವರು ಕೂರಲಿ," ಎಂದೆ. ಎದ್ದು ಹೋದವು.

ಹತ್ತೊಂಬತ್ತು ಹೆಸರು ಕೂಗಿದೆ. ಗೋಡೆ ಬುಡಕ್ಕೆ ಬಂದು, ಒಂದೊಂದಾಗಿ ಹತ್ತೊಂಬತ್ತು ಗೇಣು ಹೋಯಿತು. ದಿವಾಕರ ಟೇಪು ಹಿಡಿದು ತಲೆಯಾಡಿಸಿದ. ವಿಶ್ವಣ್ಣ ಗಂಟೆಯ ಸುತ್ತಿಗೆ ಎತ್ತಿಕೊಂಡರು.

"ಇನ್ನೂ ಮುಗಿದಿಲ್ಲ," ಎಂದೆ. ಹಳೆಯ ಪುಸ್ತಕ ತೆರೆದೆ. "ಓಬಕ್ಕ."

ಬಾಗಿಲಲ್ಲಿ ಕೇರಿಯವರು ಹತ್ತಿಪ್ಪತ್ತು ಜನ ನಿಂತಿದ್ದರು, ಒಬ್ಬರೂ ಹೊಸ್ತಿಲು ದಾಟಿರಲಿಲ್ಲ. ವಿಶ್ವಣ್ಣ ನಕ್ಕರು. "ಮೇಡಂ, ಇವತ್ತು ಇದೆಲ್ಲ ಬೇಡ."

"ಓಬಕ್ಕ," ಎಂದು ಮತ್ತೆ ಕೂಗಿದೆ. ಮೂರನೆಯ ಸಲ ಕೂಗಿದರೆ ಮುಗಿಯಿತು, ಬಂದಿಲ್ಲ ಅಂತ ಬರೆಯಬೇಕು, ಅದೇ ಪದ್ಧತಿ. ನಾನು ಬಾಯಿ ತೆರೆದೆ.

"ಯಾಕ್ ಹಂಗೆ ಬಾಯ್ ಬಡ್ಕಂತೀಯೆ, ಬತ್ತಾ ಇವ್ನಿ," ಎಂದು ಹೊರಗಿನಿಂದ ಕೇಳಿತು. ಜನ ಸರಿದರು. ಓಬಕ್ಕ ಹುಣಸೆಯ ಕೆಂಪು ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು, ಬಿಳಿ ಬಟ್ಟೆಯವರ ನಡುವೆ ದಾರಿ ಮಾಡಿಕೊಂಡು ನೆಲದ ಮೇಲೆ ಕೂತಳು. ಪಕ್ಕದವನು ಸ್ವಲ್ಪ ಸರಿದ. "ಸರೀಬ್ಯಾಡಪ್ಪ, ಇದ್ರಾಗೆ ನಿಂಗೂ ಜಾಗ ಐತೆ," ಎಂದಳು. ಆಮೇಲೆ ಗಟ್ಟಿಯಾಗಿ: "ಹಾಜರ್!"

ಗೋಡೆ ಹೋಯಿತು. ಇಪ್ಪತ್ತು. ದಿವಾಕರನ ಟೇಪು ಅವನ ಕೈಯಿಂದ ಕಿತ್ತುಕೊಂಡು ಹೋಯಿತು.

ಆಮೇಲೆ ನಡೆದದ್ದು ನಾನು ಅಂದುಕೊಂಡದ್ದಲ್ಲ. ಬಾಗಿಲಲ್ಲಿದ್ದ ಕದರಪ್ಪ, "ನನ್ ಹೆಸ್ರೂ ಕೂಗವ್ವಾ," ಎಂದು ಒಳಗೆ ನುಗ್ಗಿದ. ಅವನ ಹಿಂದೆ ಅವನ ತಮ್ಮ. ಅವನ ಹಿಂದೆ ತೋಟದ ಕೂಲಿಯವರು, ಯಜಮಾನರ ಮುಖ ನೋಡದೆ. ಯಾರೋ ಕೇರಿಗೆ ಓಡಿ ಉಳಿದವರನ್ನು ಕರೆದುಕೊಂಡು ಬಂದರು. ನಾನು ಹಳೆಯ ಪುಸ್ತಕಗಳನ್ನು ತೆರೆದು ತೆರೆದು ಕೂಗಿದೆ. ಮೂವತ್ತು, ನಲವತ್ತು. ಗೋಡೆ ಕೋಳಿಗಳನ್ನು ಓಡಿಸಿಕೊಂಡು ಹೋಯಿತು. ಬಿಸಿಲಿಗೆ ಬಿದ್ದಿದ್ದ ನೆಲ ಒಳಗೆ ಬಂತು. ಹಂಚು ಸಾಲದೆ ಆಕಾಶ ಕಾಣುತ್ತಿತ್ತು. ಐವತ್ಮೂರಕ್ಕೆ ಹೆಸರು ಮುಗಿದವು. ಹೆಂಗಸೊಬ್ಬಳು ನೆಲವನ್ನು ಮುಟ್ಟಿ, "ಇಲ್ಲೇ ಕಣೇ ನಾನು ಕುಂತ್ಕಂತಿದ್ದುದು," ಎಂದು ಅಳತೊಡಗಿದಳು.

"ಗಂಟೆ ಹೊಡೀರಿ, ಗಂಟೆ ಹೊಡೀರಿ!" ಎಂದು ಎಲ್ಲರೂ ಕೂಗಿದರು. ಯಾವನಾದರೂ ಬೀಡಿ ಸೇದಲು ಹೊರಗೆ ಕಾಲಿಟ್ಟರೆ ಒಂದು ಗೇಣು ಕಡಿಮೆಯಾದೀತೆಂಬ ಭಯ. ನಾನು ವಿಶ್ವಣ್ಣನ ಕೈಯಿಂದ ಸುತ್ತಿಗೆ ತೆಗೆದುಕೊಂಡು ನಾನೇ ಹೊಡೆದೆ. ಗೋಡೆ ಅಲ್ಲಿಗೆ ಕಚ್ಚಿಕೊಂಡಿತು.

ವಿಶ್ವಣ್ಣ ಗೋಡೆಯ ತನಕ ಕಣ್ಣು ಹಾಯಿಸಿದರು. ಆಮೇಲೆ ಮತ್ತೆ ಆ ನಗು. "ಆಯ್ತು ಬಿಡಿ. ದೊಡ್ಡದಾದ್ರೆ ನೋಡೋಕೂ ಚೆಂದ. ದಿವಾಕರ್, ಐವತ್ಮೂರಕ್ಕೇ ಬಿಗಿಯೋಣ. ಏನಂತೀರಿ?"

"ಇದ್ದದ್ದನ್ನ ಇದ್ದ ಹಾಗೆ ನಿಲ್ಸೋದು ನನ್ನ ಕೆಲಸ ಸಾರ್. ನಾಳೆ ಹತ್ತು ಗಂಟೆ ತನಕ ಯಾರೂ ಹಾಜರಿ ಕೂಗದಿದ್ರೆ ಸಾಕು."

"ಯಾರು ಕೂಗ್ತಾರೆ? ಪುಸ್ತಕ ಕೊಡಿ ಮೇಡಂ, ಒಂದು ಸಹಿ ಹಾಕಿ. ಇಲಾಖೆಗೆ ನಾನೇ ತೋರಿಸಿ, ಹಳೇ ಪುಸ್ತಕದ ಜೊತೆ ಗಾಜಿನ ಪೆಟ್ಟಿಗೇಲಿ ಇಡಿಸ್ತೀನಿ. ಓಬಕ್ಕನ ಹಾಳೆ ತೆರೆದೇ ಇಡಿಸ್ತೀನಿ."

ಕೇರಿಯವರು ಚಪ್ಪಾಳೆ ಹೊಡೆದರು. ನಾನು ಸಹಿ ಹಾಕಿದೆ. ಎರಡು ತಿಂಗಳು ಹಲ್ಲು ಕಚ್ಚಿ ಕೊಡದಿದ್ದ ಪುಸ್ತಕವನ್ನು ನಗುತ್ತ ಕೊಟ್ಟೆ. ಗೆದ್ದವರ ಕೈ ಎಷ್ಟು ಸಡಿಲ!

ಜನ ಚದುರುತ್ತಿದ್ದಾಗ ದುರುಗಮ್ಮ ನನ್ನ ಸೀರೆ ಜಗ್ಗಿದಳು. ನಾಲ್ಕೂ ಮಕ್ಕಳು ಗೋಡೆಯ ಆಚೆ ಇದ್ದರು. ಗೋಡೆ ಮುಂದೆ ಬಂದ ಹಾಗೆಲ್ಲ ಹಿಂದಕ್ಕೆ, ಹಿಂದಕ್ಕೆ ಸರಿದು, ಕೊನೆಗೆ ಬೇಲಿಯ ಮುಳ್ಳಿಗೆ ಒತ್ತಿಕೊಂಡು ನಿಂತಿದ್ದರಂತೆ. ಅವಳ ತೋಳಿನ ಮೇಲೆ ಗೀರಿತ್ತು.

"ಮಿಸ್, ಎಲ್ರುದೂ ಕೂಗಿದ್ರಿ. ನನ್ ಹೆಸ್ರು ಕೂಗ್ಲೇ ಇಲ್ಲ."

ಅವಳು ದೂರುತ್ತಿರಲಿಲ್ಲ. ಶೇಷ ಉಳಿದ ಲೆಕ್ಕವನ್ನು ತೋರಿಸುವಾಗಿನ ಮುಖ ಅದು. ನಾನು ಏನು ಹೇಳಿದೆನೋ, ಅವಳನ್ನು ಮನೆಗೆ ಕಳಿಸಿದೆ. ಐವತ್ಮೂರು ಗೇಣಿನ ಆ ಕೋಣೆಯಲ್ಲಿ ನನ್ನ ಶಾಲೆಯ ಒಂದು ಮಗುವಿನ ಗೇಣೂ ಇರಲಿಲ್ಲ. ಹಾಗಂತ ನನಗೆ ನಾನೇ ಹೇಳಿಕೊಳ್ಳಲು ಸಂಜೆಯ ತನಕ ಹಿಡಿಯಿತು.

ಶುಕ್ರವಾರ ಎಂದಿನಂತೆ ಎಂಟೂವರೆಗೆ ಶಾಲೆಗೆ ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲಾರೆ, ಕಾಲಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಕದರಪ್ಪ ಆಗಲೇ ಸೂರಿನ ಮೇಲಿದ್ದ, ಇಳಿಸಿಟ್ಟಿದ್ದ ಹಂಚನ್ನೆಲ್ಲ ಮತ್ತೆ ಜೋಡಿಸಿ, ಸಾಲದ ಕಡೆ ತೆಂಗಿನ ಗರಿ ಹೊದಿಸುತ್ತಿದ್ದ. ಹಾಡಿಕೊಳ್ಳುತ್ತಿದ್ದ. ಒಳಗೆ ನಾಲ್ಕು ಮಕ್ಕಳು ಕೂತಿದ್ದವು. ಬರಬೇಡಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಅಷ್ಟು ದೊಡ್ಡ ಕೋಣೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ನಟ್ಟನಡುವೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದವು. ದುರುಗಮ್ಮ ಸ್ಲೇಟು ತೆಗೆದಿದ್ದಳು.

ಮೇಜಿನ ಮೇಲೆ ಪುಸ್ತಕವಿಲ್ಲ. ಹತ್ತು ಗಂಟೆಗೆ ಕಬ್ಬಿಣ. ಅದು ಬಿಗಿದ ಮೇಲೆ ಈ ಗೋಡೆ ಯಾವ ಗಂಟಲಿಗೂ ಅಲ್ಲಾಡುವುದಿಲ್ಲ. ಓಬಕ್ಕನ ಗೇಣು ಉಳಿಯುತ್ತದೆ, ಬೀಗ ಹಾಕಿದ ಬಾಗಿಲ ಹಿಂದೆ, ನೋಡಲು ಬಂದವರಿಗೆ. ಈಗ ಕೂಗಿದರೆ ನಾಲ್ಕಕ್ಕೆ ಬರುತ್ತದೆ. ನಾಳೆ ವಿಶ್ವಣ್ಣ ಮತ್ತೆ ಹತ್ತೊಂಬತ್ತು ಜನರನ್ನು ತರುತ್ತಾರೆ. ಕೇರಿಯವರು ಇನ್ನೊಂದು ದಿನದ ಕೂಲಿ ಬಿಟ್ಟು ಬರುತ್ತಾರೆಯೇ? ನನ್ನ ಮುಖ ನೋಡುತ್ತಾರೆಯೇ? ಸಹಿ ಹಾಕಿದವಳು ಪುಸ್ತಕವಿಲ್ಲದೆ ಹಾಜರಿ ಕೂಗಿದಳೆಂದು ಇಲಾಖೆ ನನ್ನನ್ನು ಇಟ್ಟುಕೊಳ್ಳುತ್ತದೆಯೇ?

"ಎಲ್ಲರೂ ಹಲಗೆ ಹತ್ರ ಬನ್ನಿ," ಎಂದೆ.

ಸೂರಿನ ಮೇಲೆ ಹಾಡು ನಿಂತಿತು. ಗರಿಯ ಸಂದಿಯಲ್ಲಿ ಕದರಪ್ಪನ ಮುಖ ಕಂಡಿತು. "ಏನ್ ಮಾಡ್ತಿದೀಯವ್ವಾ?"

"ಕೆಳಗಿಳಿಯಣ್ಣ. ಬಿದ್ದೀಯ."

"ಬ್ಯಾಡ ಕಣವ್ವಾ! ಐವತ್ಮೂರು ಗೇಣು! ನಮ್ಮಪ್ಪ ಕುಂತಿದ್ದ ಜಾಗ ನಿನ್ನೆ ತಾನೆ ಒಳಗೆ ಬಂದೈತೆ. ಒಂದೂವರೆ ಗಂಟೆ ತಡ್ಕ. ಕಬ್ಬಿಣ ಬಿಗಿದ್ಮ್ಯಾಲೆ ಏನಾದ್ರೂ ಮಾಡ್ಕ."

"ಬಿಗಿದ ಮೇಲೆ ಬೀಗ ಹಾಕ್ತಾರಣ್ಣ. ಇವರು ಎಲ್ಲಿ ಕೂರಬೇಕು?"

ಅವನು ಮಕ್ಕಳನ್ನು ನೋಡಿದ. ನನ್ನನ್ನು ನೋಡಿದ. ಬೈಯುತ್ತಾನೆಂದುಕೊಂಡೆ. ಬೈದ ಕೂಡ, ನನ್ನನ್ನೋ ವಿಶ್ವಣ್ಣನನ್ನೋ ಹಣೆಬರಹವನ್ನೋ ತಿಳಿಯಲಿಲ್ಲ. ಏಣಿಯ ಮೇಲೆ ಅವನ ಕಾಲಿನ ಸದ್ದು ಒಂದೊಂದಾಗಿ ಇಳಿಯಿತು.

ಮಕ್ಕಳು ಹಲಗೆಗೆ ಬೆನ್ನು ಕೊಟ್ಟು ಒತ್ತಿಕೊಂಡವು. ನಾನು ಖಾಲಿ ಕೈ ಮೇಜಿನ ಮೇಲೆ ಊರಿದೆ.

"ದುರುಗಮ್ಮ."

ದೂರದಲ್ಲಿ ಗೋಡೆ ಕದಲಿತು. ಗರಿಗಳು ಉದುರತೊಡಗಿದವು, ಹಂಚುಗಳು ಒಂದರ ಮೇಲೊಂದು ಬಿದ್ದು ಒಡೆದವು, ಅಷ್ಟುದ್ದದ ನೆಲವನ್ನು ಬಿಸಿಲಿಗೆ ಬಿಡುತ್ತ ಅದು ನಮ್ಮ ಕಡೆಗೆ ಬಂತು, ಬಂತು. ಚಿಕ್ಕವನೊಬ್ಬ ಕಿವಿ ಮುಚ್ಚಿಕೊಂಡ. ಹತ್ತು ಅಡಿಯಾಚೆ ನಿಂತಾಗ ಧೂಳಿನಲ್ಲಿ ಯಾರ ಮುಖವೂ ಕಾಣುತ್ತಿರಲಿಲ್ಲ.

"ಹಾಜರ್ ಮಿಸ್!" ಎಂದು ದುರುಗಮ್ಮ ಆ ಸದ್ದಿಗಿಂತ ಗಟ್ಟಿಯಾಗಿ ಕೂಗಿದಳು.

ಗೋಡೆ ಒಂದು ಗೇಣು ಹೋಯಿತು. ನಾನು ಎರಡನೆಯ ಹೆಸರನ್ನು ಕೂಗಿದೆ.